ನೈಸ್ ಅಂದರೆ ಎಷ್ಟು ಚೆನ್ನ?

ಕಳೆದ ವಾರ ಒಂದು ಸಂಜೆ ಆರನೇ ಕ್ಲಾಸಿನಲ್ಲಿ ಓದುವ ನನ್ನ ಮೊಮ್ಮಗಳು ಶಾಲೆಯಿಂದ ಬಂದವಳೇ ಚೀಲವನ್ನು ಮೂಲೆಗೆ ಹಾಕಿ, ಮುಖ ಊದಿಸಿಕೊಂಡು ಜಗಲಿಯ ಮೇಲೆ ಕೂತಳು. ಅಜ್ಜಿ ಕೊಟ್ಟ ಚಕ್ಕುಲಿಯನ್ನೂ ಮುಟ್ಟಲಿಲ್ಲ. ಏನಾಯಿತು ಎಂದು ಕೇಳಿದ್ದಕ್ಕೆ ಇಂಗ್ಲಿಷ್ ನೋಟ್‌ಬುಕ್ ತೆಗೆದು ನನ್ನ ಮುಂದೆ ಹಿಡಿದಳು. 'ನನ್ನ ಅಜ್ಜಿ' ಎಂಬ ಪ್ರಬಂಧ. ಕೊನೆಯಲ್ಲಿ ಟೀಚರ್ ಕೆಂಪು ಶಾಯಿಯಲ್ಲಿ ಒಂದೇ ಒಂದು ಪದ ಬರೆದಿದ್ದರು: 'ನೈಸ್'.

"ಒಳ್ಳೇದೇ ಬರೆದಿದ್ದಾರಲ್ಲೇ?" ಎಂದೆ.

"ಇಲ್ಲ ತಾತ. ನನ್ನ ಪಕ್ಕದವಳಿಗೆ ಎಕ್ಸಲೆಂಟ್. ಹಿಂದಿನ ಬೆಂಚಿನವನಿಗೆ ವೆರಿ ಗುಡ್. ನನಗೆ ಮಾತ್ರ ನೈಸ್. ನೈಸ್ ಅಂದ್ರೆ ಚೆನ್ನಾಗಿದೆ ಅಂತಾನೋ, ಸುಮಾರಾಗಿದೆ ಅಂತಾನೋ? ಸರಿಯಾಗಿ ಹೇಳು."

ನಲವತ್ತು ವರ್ಷ ಕಪ್ಪು ಕೋಟು ಹಾಕಿ ಕೋರ್ಟಿನಲ್ಲಿ ವಾದ ಮಾಡಿದವನು ನಾನು. ಆದರೂ ಆ ಹುಡುಗಿಯ ಪ್ರಶ್ನೆಗೆ ತಟ್ಟನೆ ಉತ್ತರ ಹೊಳೆಯಲಿಲ್ಲ. ಅಷ್ಟರಲ್ಲಿ ಅಡುಗೆಮನೆಯಿಂದ ನನ್ನ ಮನೆಯವರ ದನಿ ಕೇಳಿತು: "ನಾಳೆ ದೋಸೆಗೆ ಹಿಟ್ಟು ನೈಸಾಗಿ ರುಬ್ಬಿದೀನಿ. ತಾತ ಮೊಮ್ಮಗಳು ಇಬ್ಬರೂ ಈಗ ಕೈಕಾಲು ತೊಳೆದು ಬನ್ನಿ. ನನ್ನ ಹತ್ರ ನೈಸ್ ಮಾಡ್ಬೇಡಿ."

ನಾವಿಬ್ಬರೂ ನಕ್ಕುಬಿಟ್ಟೆವು. ಟೀಚರ್ ನೈಸ್ ಒಂದು, ಹಿಟ್ಟಿನ ನೈಸ್ ಇನ್ನೊಂದು, ಅಜ್ಜಿ ಬೇಡವೆಂದ ನೈಸ್ ಮತ್ತೊಂದು! ಇಷ್ಟು ಚಿಕ್ಕ ಪದದೊಳಗೆ ಎಷ್ಟು ಅರ್ಥಗಳಿವೆ, ಎಲ್ಲಿಂದ ಬಂದವು ಎಂದು ಆ ರಾತ್ರಿ ಊಟವಾದ ಮೇಲೆ ಇಬ್ಬರೂ ಕೂತು ಹುಡುಕಿದೆವು. ಪುಟಾಣಿಗಳೇ, ನಿಮ್ಮ ಮನೆಯ ಅಜ್ಜ ಅಜ್ಜಿಯರನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ಆ ಕಥೆಯನ್ನು ಹೇಳುತ್ತೇನೆ.

ಬೈಗುಳವಾಗಿ ಹುಟ್ಟಿದ ಪದ

ಯಾರಾದರೂ ನಿಮ್ಮನ್ನು 'ನೈಸ್ ಹುಡುಗ' ಎಂದರೆ ಖುಷಿಯಾಗುತ್ತದೆ, ಅಲ್ಲವೇ? ಏಳುನೂರು ವರ್ಷಗಳ ಹಿಂದೆ ಇಂಗ್ಲೆಂಡಿನಲ್ಲಿ ಹಾಗೆಂದಿದ್ದರೆ ಜಗಳವೇ ಆಗುತ್ತಿತ್ತು. ಏಕೆಂದರೆ ಆಗ ನೈಸ್ ಎಂದರೆ ಪೆದ್ದ!

ಈ ಪದದ ಬೇರು ಲ್ಯಾಟಿನ್ ಭಾಷೆಯಲ್ಲಿದೆ. ಅಲ್ಲಿ 'ನೆ' ಎಂದರೆ ಇಲ್ಲ. 'ಸ್ಕೀರೆ' ಎಂದರೆ ತಿಳಿ, ಅರಿ. ಎರಡೂ ಸೇರಿ 'ನೆಸ್ಕಿಯುಸ್' ಆಯಿತು. ಏನೂ ತಿಳಿಯದವನು ಎಂದು ಅದರ ಅರ್ಥ. ಲ್ಯಾಟಿನ್ನಿನಿಂದ ಅದು ಹಳೆಯ ಫ್ರೆಂಚ್ ಭಾಷೆಗೆ ಹೋಯಿತು. 1066ರಲ್ಲಿ ಫ್ರಾನ್ಸಿನ ನಾರ್ಮಂಡಿಯವರು ಇಂಗ್ಲೆಂಡನ್ನು ಗೆದ್ದ ಮೇಲೆ ಸಾವಿರಾರು ಫ್ರೆಂಚ್ ಪದಗಳು ಇಂಗ್ಲಿಷಿಗೆ ಸೇರಿದವು. ಹಾಗೆ ಸೇರಿದವುಗಳಲ್ಲಿ ಇದೂ ಒಂದು. 1400ರಲ್ಲಿ ತೀರಿಕೊಂಡ ಕವಿ ಚಾಸರ್ ಈ ಪದವನ್ನು ದಡ್ಡ, ಹುಚ್ಚುಚ್ಚಾದ ಎಂಬ ಅರ್ಥದಲ್ಲಿ ಬಳಸಿದ್ದಾರೆ.

ಇಲ್ಲಿ ಇನ್ನೊಂದು ತಮಾಷೆ ಇದೆ. ತಿಳಿ ಎಂಬ ಅರ್ಥದ ಅದೇ 'ಸ್ಕೀರೆ'ಯಿಂದಲೇ ನಿಮ್ಮ ಶಾಲೆಯ 'ಸೈನ್ಸ್' ಎಂಬ ಪದವೂ ಹುಟ್ಟಿದ್ದು. ಅಂದರೆ ನೈಸ್ ಮತ್ತು ಸೈನ್ಸ್ ಒಂದೇ ಮನೆಯ ಮಕ್ಕಳು. ಒಬ್ಬನು 'ತಿಳಿದವನು', ಇನ್ನೊಬ್ಬನು 'ತಿಳಿಯದವನು'.

ಪೆದ್ದನು ಒಳ್ಳೆಯವನಾದದ್ದು ಹೇಗೆ? ಒಂದೇ ದಿನದಲ್ಲಿ ಅಲ್ಲ. ಪೆದ್ದ ಎಂಬುದು ಮೊದಲು ಅತಿ ನಾಜೂಕಿನವನು, ಅತಿ ಸಂಕೋಚದವನು ಎಂಬುದರ ಕಡೆಗೆ ಜರುಗಿತು. ಅನ್ನದಲ್ಲಿ ಒಂದು ಅಗುಳು ಗಟ್ಟಿಯಿದ್ದರೂ ಮೂಗು ಮುರಿಯುವವರು ಇರುತ್ತಾರಲ್ಲ, ಅಂಥವರನ್ನು ನೈಸ್ ಎಂದರು. ಅಷ್ಟು ಹುಡುಕಿ ನೋಡುವವನ ಕಣ್ಣು ಸೂಕ್ಷ್ಮವಾಗಿರಲೇಬೇಕಲ್ಲ? ಹೀಗಾಗಿ 16ನೆಯ ಶತಮಾನದ ಹೊತ್ತಿಗೆ ಸೂಕ್ಷ್ಮವಾದದ್ದು, ಕರಾರುವಾಕ್ಕಾದದ್ದು ಎಂಬ ಅರ್ಥ ಬಂತು. ಸೂಕ್ಷ್ಮ ಅಭಿರುಚಿಯವರು ಮೆಚ್ಚುವುದು ಸೊಗಸಾಗಿಯೇ ಇರುತ್ತದೆ. ಕೊನೆಗೆ 18ನೆಯ ಶತಮಾನದಲ್ಲಿ ಹಿತವಾದದ್ದು, ಚೆನ್ನಾಗಿರುವುದು ಎಂಬ ಇಂದಿನ ಅರ್ಥ ಬಳಕೆಗೆ ಬಂತು. ಒಂದು ಅರ್ಥ ಹೋಗಿ ಮತ್ತೊಂದು ಬಂತು ಎಂದೇನೂ ಅಲ್ಲ. ಅವಿಭಕ್ತ ಕುಟುಂಬದ ಹಾಗೆ ಹಲವು ಅರ್ಥಗಳು ಬಹಳ ಕಾಲ ಒಂದೇ ಸೂರಿನಡಿ ಬಾಳಿದವು.

1755ರಲ್ಲಿ ಡಾಕ್ಟರ್ ಸ್ಯಾಮ್ಯುಯಲ್ ಜಾನ್ಸನ್ ತಮ್ಮ ಹೆಸರಾಂತ ಇಂಗ್ಲಿಷ್ ನಿಘಂಟನ್ನು ಹೊರತಂದರು. ಅದರಲ್ಲಿ ನೈಸ್ ಪದಕ್ಕೆ ಅವರು ಮೊದಲು ಕೊಟ್ಟಿರುವ ಅರ್ಥ ಕೂದಲೆಳೆಯಷ್ಟು ಚಿಕ್ಕದನ್ನೂ ತಪ್ಪದೆ ತೂಗಿ ನೋಡುವ ಗುಣಕ್ಕೆ ಸಂಬಂಧಿಸಿದ್ದು.

ನಾನು ಹಂಚಿಸಿದ ಮಂಡಕ್ಕಿ

ಜಾನ್ಸನ್ನರ ಆ ಅರ್ಥ ಸತ್ತುಹೋಗಿಲ್ಲ. ಕೋರ್ಟು ಕಚೇರಿಗಳಲ್ಲಿ, ಪಂಡಿತರ ಪುಸ್ತಕಗಳಲ್ಲಿ ಇಂದಿಗೂ ಕಪ್ಪು ಕೋಟು ತೊಟ್ಟು ಕೂತಿದೆ. ಅದನ್ನು ನಾನು ಕಲಿತ ರೀತಿಯನ್ನು ಮೊಮ್ಮಗಳಿಗೆ ಹೇಳಬೇಕೋ ಬೇಡವೋ ಎಂದು ಸ್ವಲ್ಪ ಹೊತ್ತು ಹಿಂಜರಿದೆ. ಆಮೇಲೆ ಹೇಳಿದೆ.

ಆಗ ನಾನು ಹೊಸ ವಕೀಲ. ಹಿರಿಯ ವಕೀಲರೊಬ್ಬರ ಬಳಿ ಜೂನಿಯರ್ ಆಗಿದ್ದೆ. ಹಳ್ಳಿಯ ಅಜ್ಜಿಯೊಬ್ಬರ ಮೊಕದ್ದಮೆ ಇತ್ತು. ಅವರ ಹೊಲಕ್ಕೆ ಪಕ್ಕದವರ ಜಮೀನು ದಾಟಿ ಹೋಗಬೇಕು. ಹಳೆಯ ಕ್ರಯಪತ್ರದಲ್ಲಿ 'ದಾರಿ ಬಿಟ್ಟಿದೆ' ಎಂದಷ್ಟೇ ಬರೆದಿತ್ತು. ದಾರಿ ಎಂದರೆ ಬಂಡಿ ಹೋಗುವ ದಾರಿಯೋ, ಆಳು ನಡೆದು ಹೋಗುವ ಕಾಲುದಾರಿಯೋ? ಜಗಳವೆಲ್ಲ ಆ ಒಂದು ಪದದ ಮೇಲೆ ನಿಂತಿತ್ತು. ನಮ್ಮ ಸೀನಿಯರ್ ಬೇರೆ ಊರಿಗೆ ಹೋಗಿದ್ದರಿಂದ ಅಂದು ನಾನೇ ಎದ್ದು ನಿಂತೆ. ಹೊಲಕ್ಕೆ ಗೊಬ್ಬರ ಹೋಗಬೇಕು, ಫಸಲು ಬರಬೇಕು, ಬಂಡಿ ಇಲ್ಲದೆ ಬೇಸಾಯ ಹೇಗೆ, ಹಾಗಾಗಿ ದಾರಿ ಎಂದರೆ ಬಂಡಿದಾರಿಯೇ ಎಂದು ವಾದಿಸಿದೆ. ನ್ಯಾಯಾಧೀಶರು ಕನ್ನಡಕ ತೆಗೆದು, ಪೆನ್ನು ಕೆಳಗಿಟ್ಟು, ಇಂಗ್ಲಿಷಿನಲ್ಲಿ ಹೇಳಿದರು: "ದಿಸ್ ಈಸ್ ಎ ನೈಸ್ ಪಾಯಿಂಟ್."

ನನಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಹೊರಗೆ ಹೊಂಗೆ ಮರದ ಕೆಳಗೆ ಕೂತಿದ್ದ ಅಜ್ಜಿಯ ಬಳಿಗೆ ಓಡಿದೆ. "ಅವ್ವಾ, ನಮ್ಮ ವಾದ ಬಹಳ ಚೆನ್ನಾಗಿದೆ ಅಂತ ಸಾಹೇಬರೇ ಹೇಳಿಬಿಟ್ಟರು. ಕೇಸು ಗೆದ್ದ ಹಾಗೆಯೇ" ಎಂದೆ. ಅವರು ಸೆರಗಿನ ಗಂಟು ಬಿಚ್ಚಿ, ಎದುರಿನ ಅಂಗಡಿಯಿಂದ ಮಂಡಕ್ಕಿ, ಬೆಲ್ಲ ತರಿಸಿ ಅಲ್ಲಿದ್ದವರಿಗೆಲ್ಲ ಹಂಚಿದರು. ಊರಿಗೆ ಹೋದವರೇ ಒಂದು ಬಂಡಿಯವನಿಗೆ ಗೊಬ್ಬರ ಹೊಡೆಯಲು ಮುಂಗಡವನ್ನೂ ಕೊಟ್ಟರು.

ಮಾರನೆಯ ದಿನ ಸೀನಿಯರ್ ಬಂದರು. ನಡೆದದ್ದನ್ನು ಹೆಮ್ಮೆಯಿಂದ ವರದಿ ಮಾಡಿದೆ. ಅವರು ನಗಲಿಲ್ಲ. "ಲೋ, ಅದು ಹೊಗಳಿಕೆ ಅಲ್ಲ ಕಣೋ. ಕೋರ್ಟಿನಲ್ಲಿ ನೈಸ್ ಪಾಯಿಂಟ್ ಅಂದರೆ ಸೂಕ್ಷ್ಮವಾದ ಪ್ರಶ್ನೆ, ಯಾವ ಕಡೆಗೂ ವಾಲಬಹುದು, ಯೋಚನೆ ಮಾಡಬೇಕು ಅಂತ ಅರ್ಥ" ಎಂದು ಕಪಾಟಿನಿಂದ ನಿಘಂಟು ತೆಗೆದು ನನ್ನ ಮುಂದಿಟ್ಟರು.

ಮೂರು ವಾರದ ನಂತರ ತೀರ್ಪು ಬಂತು. ದಾರಿ ಎಂದರೆ ಕಾಲುದಾರಿ ಮಾತ್ರ ಎಂದು. ಅಜ್ಜಿ ನನ್ನನ್ನು ಬೈಯಲಿಲ್ಲ. "ಚೆನ್ನಾಗಿದೆ ಅಂದಿದ್ರಲ್ಲಪ್ಪಾ?" ಎಂದು ಒಂದೇ ಮಾತು ಕೇಳಿದರು. ನನ್ನ ಬಳಿ ಉತ್ತರ ಇರಲಿಲ್ಲ. ಆ ವರ್ಷ ಅವರ ಮನೆಯವರು ಗೊಬ್ಬರವನ್ನೆಲ್ಲ ಮಂಕರಿಯಲ್ಲಿ ತುಂಬಿ ತಲೆಯ ಮೇಲೆ ಹೊತ್ತರಂತೆ. ಬಂಡಿಯವನು ಮುಂಗಡ ವಾಪಸು ಕೊಟ್ಟನೋ ಇಲ್ಲವೋ, ಕೇಳುವ ಧೈರ್ಯ ನನಗಾಗಲಿಲ್ಲ.

ಕೇಸು ಸೋತದ್ದಕ್ಕೆ ನಾನು ಕಾರಣ ಅಲ್ಲದಿರಬಹುದು. ಆದರೆ ಆ ಮಂಡಕ್ಕಿ ಹಂಚಿಸಿದವನು ನಾನೇ. ಅರ್ಥ ಗೊತ್ತಿದೆ ಎಂದುಕೊಂಡ ಪದವನ್ನೂ ಒಮ್ಮೆ ನಿಘಂಟಿನಲ್ಲಿ ನೋಡುವ ಅಭ್ಯಾಸ ನನಗೆ ಅಂದಿನಿಂದ ಬಂತು.

ಮನೆಯ ನೈಸ್, ಕಚೇರಿಯ ನೈಸ್

ಹಾಗಾದರೆ ಯಾವ ನೈಸ್ ಎಲ್ಲಿ ಎಂದು ತಿಳಿಯುವುದು ಹೇಗೆ? ಮೊಮ್ಮಗಳು ಕಾಗದದ ಮೇಲೆ ಎರಡು ಸಾಲು ಎಳೆದಳು.

ಮೊದಲನೆಯದು ಮನೆಯ ನೈಸ್. ನೈಸ್ ಡ್ರೆಸ್, ನೈಸ್ ಊಟ, ನೈಸ್ ಅಂಕಲ್. ಇಲ್ಲಿ ಹಿತ, ಚೆಂದ, ಒಳ್ಳೆಯ ಎಂದಷ್ಟೇ ಅರ್ಥ. ಎರಡನೆಯದು ಕಚೇರಿಯ ನೈಸ್. ಅದರ ಪಕ್ಕದಲ್ಲಿ ಪಾಯಿಂಟ್, ಕ್ವೆಶ್ಚನ್, ಡಿಸ್ಟಿಂಕ್ಷನ್, ಜಡ್ಜ್‌ಮೆಂಟ್ ಇಂಥ ಗಂಭೀರ ಪದಗಳಿದ್ದರೆ ಒಂದು ಕ್ಷಣ ನಿಲ್ಲಿ. ಅಲ್ಲಿ ಅದರ ಅರ್ಥ ಸೂಕ್ಷ್ಮ ಎಂದಿರಬಹುದು. 'ನೈಸ್ ಡಿಸ್ಟಿಂಕ್ಷನ್' ಎಂದರೆ ಒಳ್ಳೆಯ ವ್ಯತ್ಯಾಸ ಅಲ್ಲ, ಸುಲಭವಾಗಿ ಕಣ್ಣಿಗೆ ಬೀಳದ ತೆಳುವಾದ ವ್ಯತ್ಯಾಸ.

ಈ ಎರಡು ಅರ್ಥಗಳಿಗೂ ಒಂದೊಂದು ಮಗು ಹುಟ್ಟಿದೆ. 'ನೈಸ್‌ನೆಸ್' ಎಂದರೆ ಒಳ್ಳೆಯತನ. 'ನೈಸಿಟಿ' ಎಂದರೆ ಸೂಕ್ಷ್ಮ ಅಂಶ. ದೊಡ್ಡವರಿಗೂ ಇವೆರಡು ಅದಲು ಬದಲಾಗುವುದುಂಟು.

ಮೂರನೆಯದೂ ಒಂದಿದೆ, ಕೊಂಕಿನ ನೈಸ್. ಹಾಲಿನ ಪಾತ್ರೆ ಕೈಜಾರಿ ಬಿದ್ದಾಗ ಅಣ್ಣ "ನೈಸ್!" ಎಂದರೆ ಅದು ಹೊಗಳಿಕೆ ಅಲ್ಲ. ನಾವು "ಬಹಳ ಚೆನ್ನಾಗಿದೆ ನಿನ್ನ ಕೆಲಸ" ಎಂದು ರಾಗ ಎಳೆಯುತ್ತೇವಲ್ಲ, ಅದೇ ಜಾತಿ. ಇದನ್ನು ನಿಘಂಟಿನಲ್ಲಿ ಹುಡುಕಿ ಫಲವಿಲ್ಲ, ಹೇಳಿದವರ ಮುಖ ನೋಡಬೇಕು.

ಇನ್ನು ಫ್ರಾನ್ಸಿನಲ್ಲಿ ಇದೇ ಎನ್, ಐ, ಸಿ, ಇ ಅಕ್ಷರಗಳ ಒಂದು ಕಡಲತೀರದ ಊರಿದೆ. ಅದನ್ನು ನೈಸ್ ಎನ್ನಬಾರದು, 'ನೀಸ್' ಎನ್ನಬೇಕು. ಗ್ರೀಕರ ಗೆಲುವಿನ ದೇವತೆ ನೀಕೆಯ ಹೆಸರಿನಿಂದ ಬಂದ ಊರು ಅದು. ನಮ್ಮ ಪೆದ್ದ ನೈಸ್‌ಗೂ ಅದಕ್ಕೂ ಸಂಬಂಧವಿಲ್ಲ. ಬೆಂಗಳೂರಿನ ನೈಸ್ ರಸ್ತೆಯೂ ಅಷ್ಟೇ. ಅದು ರಸ್ತೆ ಮಾಡಿದ ಕಂಪನಿಯ ಹೆಸರಿನ ಮೊದಲಕ್ಷರಗಳು.

ಹೇಳಿ ಹೇಳಿ ಸವೆದದ್ದು

ಒಂದು ಪದವನ್ನು ಎಲ್ಲದಕ್ಕೂ ಬಳಸಿದರೆ ಏನಾಗುತ್ತದೆ? ಇಂಗ್ಲಿಷಿನ ಹೆಸರಾಂತ ಕಾದಂಬರಿಗಾರ್ತಿ ಜೇನ್ ಆಸ್ಟಿನ್ ಇದನ್ನು ಇನ್ನೂರು ವರ್ಷಗಳ ಹಿಂದೆಯೇ ಗಮನಿಸಿದ್ದರು. ಅವರು ತೀರಿಕೊಂಡ ಮೇಲೆ, 1817ರ ಕೊನೆಯಲ್ಲಿ, 'ನಾರ್ಥ್ಯಾಂಗರ್ ಅಬ್ಬೆ' ಎಂಬ ಕಾದಂಬರಿ ಪ್ರಕಟವಾಯಿತು. ಅದರಲ್ಲಿ ಕ್ಯಾಥರೀನ್ ಎಂಬ ಹುಡುಗಿ ತಾನು ಮೆಚ್ಚಿದ ಪುಸ್ತಕವನ್ನು ನೈಸ್ ಎನ್ನುತ್ತಾಳೆ. ಹೆನ್ರಿ ಎಂಬಾತ ಅವಳನ್ನು ಗೋಳು ಹೊಯ್ದುಕೊಳ್ಳುತ್ತಾನೆ. ಹವೆಯೂ ನೈಸ್, ನಡಿಗೆಯೂ ನೈಸ್, ಪುಸ್ತಕವೂ ನೈಸ್, ಹೀಗೆ ಎಲ್ಲಕ್ಕೂ ಒಂದೇ ಪದವಾದರೆ ಅದಕ್ಕೆ ಉಳಿಯುವ ಅರ್ಥವೇನು ಎಂಬುದು ಅವನ ತಕರಾರು. 1926ರಲ್ಲಿ ಇಂಗ್ಲಿಷ್ ಬಳಕೆಯ ಬಗ್ಗೆ ಹೆಸರಾಂತ ಕೈಪಿಡಿ ಬರೆದ ಫೌಲರ್ ಅವರೂ ಈ ಪದ ತನ್ನತನ ಕಳೆದುಕೊಂಡಿತಲ್ಲ ಎಂದು ಮರುಗಿದ್ದಾರೆ.

ನೈಸ್ ಒಂದೇ ಅಲ್ಲ. 'ಆಸಮ್' ಎಂದು ನೀವು ಪಾನಿಪುರಿಗೆ ಹೇಳುತ್ತೀರಿ. ಅದರೊಳಗಿನ 'ಆ' ಎಂದರೆ ಭಯಭಕ್ತಿಯಿಂದ ಮೈ ನಡುಗುವುದು. 'ಟೆರಿಫಿಕ್' ಎಂದರೆ ಹೆದರಿಸುವಂಥದ್ದು. 'ಸೂಪರ್' ಎಂದರೆ ಲ್ಯಾಟಿನ್ನಿನಲ್ಲಿ ಮೇಲೆ ಎಂದಷ್ಟೇ.

ಅಜ್ಜ ಅಜ್ಜಿಯರು ಈಗಿನ ಮಕ್ಕಳೇ ಹೀಗೆ ಎಂದು ತಲೆ ಆಡಿಸುವ ಮೊದಲು ನಮ್ಮ ಮಾತನ್ನೂ ಒಮ್ಮೆ ಕೇಳಿಸಿಕೊಳ್ಳೋಣ. ಒಂದು ಊಟಕ್ಕೆ 'ಭಯಂಕರ ರುಚಿ' ಎನ್ನುವುದಿಲ್ಲವೇ ನಾವು? ನವರಸಗಳಲ್ಲಿ ಒಂದಾದ 'ಅದ್ಭುತ'ವನ್ನು ಮಸಾಲೆದೋಸೆಗೆ ಹಚ್ಚಿಲ್ಲವೇ? ಉತ್ತರ ಕರ್ನಾಟಕದಲ್ಲಿ 'ಮಸ್ತ್ ಐತಿ' ಎನ್ನುತ್ತಾರೆ. ಮಸ್ತ್ ಎಂದರೆ ಪಾರಸಿಯಲ್ಲಿ ಅಮಲೇರಿದ ಎಂದರ್ಥ. ಗಂಡಾನೆಗೆ ಮದ ಬಂದಾಗ ಹೇಳುವ ಪದವೂ ಅದೇ. ಕರಾವಳಿಯವರು ಚೆನ್ನಾಗಿರುವುದನ್ನೆಲ್ಲ 'ಲಾಯ್ಕ್' ಎನ್ನುತ್ತಾರೆ. ಅದರ ಮೂಲ ಅರ್ಥ ತಕ್ಕದ್ದು, ಯೋಗ್ಯವಾದದ್ದು. ಅದೇ ಪದಕ್ಕೆ 'ನಾ' ಸೇರಿಸಿ 'ನಾಲಾಯಕ್' ಎಂದು ಬೈದೂ ಬಿಡುತ್ತೇವೆ.

ನೈಸ್ ಪದವನ್ನಂತೂ ನಾವು ಇಂಗ್ಲಿಷಿನವರಿಗೂ ತಿಳಿಯದ ಹಾಗೆ ನಮ್ಮದು ಮಾಡಿಕೊಂಡಿದ್ದೇವೆ. ಹಿಟ್ಟು ನೈಸಾಗಿರುತ್ತದೆ, ಅಂದರೆ ನುಣ್ಣಗೆ. ಕೆಲಸದ ಹೊತ್ತಿಗೆ ಕೆಲವರು ನೈಸಾಗಿ ಜಾರಿಕೊಳ್ಳುತ್ತಾರೆ. ಬೆಣ್ಣೆ ಹಚ್ಚಿ ಮಾತಾಡಿ ಕೆಲಸ ಮಾಡಿಸಿಕೊಳ್ಳುವುದು 'ನೈಸ್ ಮಾಡುವುದು'. ನಮ್ಮಲ್ಲಿ ಮೊದಲೇ 'ನಯ' ಎಂಬ ಪದ ಇತ್ತಲ್ಲ. ನಯವಾದ ಬಟ್ಟೆ, ನಯವಾದ ಮಾತು, ಕೊನೆಗೆ ನಯವಂಚಕ. ನಯವೂ ನೈಸೂ ಬೇರೆ ಬೇರೆ ಬೇರಿನವು. ಆದರೂ ಹೊಸದಾಗಿ ಬಂದ ನೈಸ್, ಹಳೆಯ ನಯ ನಡೆದ ದಾರಿಯಲ್ಲೇ ನಡೆದಿದೆ. ಅದೂ ನುಣುಪಿನಿಂದ ಹೊರಟು ಮೋಸದ ತನಕ ಹೋಗಿದೆ.

ಟೀಚರ್ ಹೇಳಿದ್ದು

ಕಥೆಯ ಮೊದಲಿಗೆ ಬರೋಣ. ಪದದ ಪುರಾಣವೆಲ್ಲ ಮುಗಿದ ಮೇಲೆ ಮೊಮ್ಮಗಳ ಪ್ರಬಂಧವನ್ನು ನಾನು ಪೂರ್ತಿ ಓದಿದೆ. ಮೈ ಅಜ್ಜಿ ಈಸ್ ನೈಸ್. ಶಿ ವೇರ್ಸ್ ನೈಸ್ ಸ್ಯಾರಿ. ಹರ್ ದೋಸೆ ಈಸ್ ನೈಸ್... ಎಣಿಸಿದೆ. ಒಂದು ಪುಟದಲ್ಲಿ ಏಳು ನೈಸ್!

"ಟೀಚರ್ ಹತ್ತಿರವೇ ಕೇಳು. ಏನು ಚೆನ್ನಾಗಿತ್ತು ಅಂತ ಕೇಳು" ಎಂದೆ.

ಸೋಮವಾರ ಸಂಜೆ ಗೇಟಿನಿಂದಲೇ ಕೂಗುತ್ತ ಬಂದಳು. ಟೀಚರ್ ನಕ್ಕು, "ನೀನು ಏಳು ಸಲ ನೈಸ್ ಅಂದಿದ್ದೆ. ನಾನೂ ಒಂದು ಸಲ ಅಂದೆ" ಎಂದರಂತೆ. ಆಮೇಲೆ ಪೆನ್ನು ತೆಗೆದು ಒಂದು ವಾಕ್ಯದ ಕೆಳಗೆ ಗೆರೆ ಎಳೆದರಂತೆ. ಅಜ್ಜಿ ದೋಸೆ ಹುಯ್ಯುವ ಮೊದಲು ಕಾವಲಿಯ ಮೇಲೆ ನೀರು ಚಿಮುಕಿಸಿ, ಕಿವಿ ಬಗ್ಗಿಸಿ ಸದ್ದು ಕೇಳುತ್ತಾರೆ ಎಂದು ಅವಳು ಬರೆದಿದ್ದ ವಾಕ್ಯ ಅದು. "ಇದನ್ನು ನೀನು ನೋಡಿ ಬರೆದಿದ್ದೀಯ. ನಿನ್ನ ಅಜ್ಜಿ ನನ್ನ ಕಣ್ಣ ಮುಂದೆ ಬಂದದ್ದು ಇಲ್ಲಿಯೇ" ಎಂದರಂತೆ.

ಆ ದಿನ ಚಕ್ಕುಲಿ ಡಬ್ಬ ಖಾಲಿಯಾಯಿತು. ಅಡುಗೆಮನೆಯಲ್ಲಿ ಆ ವಾಕ್ಯವನ್ನು ಕನ್ನಡದಲ್ಲಿ ಹೇಳಿಸಿಕೊಂಡ ನನ್ನ ಮನೆಯವರು, "ಅದನ್ನೆಲ್ಲ ಯಾವಾಗ ನೋಡಿದ್ಯೇ ನೀನು?" ಎಂದು ಸೆರಗಿನಿಂದ ಕಣ್ಣು ಒರೆಸಿಕೊಂಡರು. ಏಳು ನೈಸ್‌ಗಳನ್ನು ಓದಿ ಹೇಳಿದ್ದರೆ ಅವರು ಕಣ್ಣು ಒರೆಸಿಕೊಳ್ಳುತ್ತಿರಲಿಲ್ಲ.

ಒಂದು ವಾರದ ಆಟ

ಈಗ ನಮ್ಮ ಮನೆಯಲ್ಲಿ ಒಂದು ಆಟ ನಡೆಯುತ್ತಿದೆ. ನೀವೂ ಆಡಬಹುದು. ಒಂದು ವಾರ ಮನೆಯಲ್ಲಿ ಯಾರೂ ನೈಸ್, ಸೂಪರ್, ಆಸಮ್ ಎನ್ನುವಂತಿಲ್ಲ. ಅಜ್ಜ ಅಜ್ಜಿಯರು ಬರೀ 'ಚೆನ್ನಾಗಿದೆ' ಎಂದು ಹೇಳಿ ತಪ್ಪಿಸಿಕೊಳ್ಳುವಂತಿಲ್ಲ. ಏನು ಚೆನ್ನಾಗಿದೆ ಎಂಬುದನ್ನು ಹೇಳಬೇಕು. ಸಾರಿನಲ್ಲಿ ಇಂಗಿನ ಒಗ್ಗರಣೆ ಘಮ್ಮೆಂದಿತು, ಚಿತ್ರದಲ್ಲಿ ಹಸುವಿನ ಕಣ್ಣು ನಿಜವಾಗಿ ನೋಡಿದಂತಿದೆ, ನಿನ್ನ ಅಕ್ಷರ ಕಳೆದ ತಿಂಗಳಿಗಿಂತ ದುಂಡಗಾಗಿದೆ, ಹೀಗೆ. ತಪ್ಪಿದವರು ಹುಂಡಿಗೆ ಒಂದು ರೂಪಾಯಿ ಹಾಕಬೇಕು.

ಮೊದಲ ದಿನ ಸೋತವನು ನಾನೇ. ಮೂರು ರೂಪಾಯಿ ಹೋಯಿತು. ಆದರೆ ಒಂದು ಪದಕ್ಕೆ ಮಾತ್ರ ದಂಡವಿಲ್ಲ ಎಂದು ಮೊಮ್ಮಗಳೇ ತೀರ್ಮಾನಿಸಿದ್ದಾಳೆ: ಶಭಾಷ್. ಪಾರಸಿಯಲ್ಲಿ ಅದರ ಮೂಲ ಅರ್ಥ 'ಸಂತೋಷವಾಗಿರು' ಎಂದು ನಾನು ಹೇಳಿದ್ದೆ.

"ಅದು ಹೊಗಳಿಕೆ ಅಲ್ವಲ್ಲ ತಾತ, ಆಶೀರ್ವಾದ. ಅದನ್ನು ಎಷ್ಟು ಸಲ ಬೇಕಾದರೂ ಹೇಳು" ಎಂದಳು.